ಬೀದಿ ತುದಿಯ ಕಂಬಗಳು

ತಮ್ಮಾ,

ಅಮ್ಮ ಬದುಕಿದ್ದಾಳೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಿನ್ನೆ ಬೆಳಿಗ್ಗೆ ಅವಳಿಗೆ ಎದೆನೋವು ಬಂತು. ಆಂಬುಲೆನ್ಸ್ ಬೇಗನೇ ಬಂತು, ಆದರೆ ಪ್ರವಾಸಿಗರು ಆರಾಮಾಗಿ ಅಡ್ಡಾಡಲಿ ಅಂತ ಗಾಡಿಗಳು ಒಳಗೆ ಬರದಂತೆ ನಿನ್ನ ಇಲಾಖೆ ನಮ್ಮ ಬೀದಿಯ ತುದಿಯಲ್ಲಿ ನೆಟ್ಟಿರುವ ಕಬ್ಬಿಣದ ಕಂಬಗಳ ಹತ್ತಿರವೇ ನಿಂತುಬಿಟ್ಟಿತು. ಕಂಬ ಕಳಚಲು ತೆಗೆಯಬೇಕಾದ ಬೀಗದ ಕೈ ನಿಮ್ಮ ಆಫೀಸಿನಲ್ಲಿದೆಯಂತೆ. ನೀನು ಫೋನ್ ಎತ್ತಲಿಲ್ಲ. ಆಫೀಸಿಗೆ ಮಾಡಿದರೆ, "ಸಾಹೇಬರು ಬಂದ ಮೇಲೆ ಮಾಡಿ" ಅಂದರು. ಆ ಸಾಹೇಬ ನೀನೇ ತಾನೆ?

ನಾನೂ ಪಕ್ಕದ ಮನೆಯ ಟೈಲರೂ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಆಂಬುಲೆನ್ಸಿನವರೆಗೆ ಹೊತ್ತುಕೊಂಡು ಹೋದೆವು. ದಾರಿಯುದ್ದಕ್ಕೂ ಪ್ರವಾಸಿಗರು ಫೋಟೊ ತೆಗೆದರು. ಯಾವುದೋ ಮೆರವಣಿಗೆ ಅಂದುಕೊಂಡರೋ ಏನೋ. ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ಮಾತ್ರ ಆ ಏದುಸಿರಿನಲ್ಲೂ ಅವರಲ್ಲೊಬ್ಬಳಿಗೆ, "ಈ ಬೀದಿ ಇಷ್ಟು ಚೆಂದ ಮಾಡಿದ್ದು ನನ್ನ ಮಗ" ಅಂದಳು.

ಹೂವು ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬರಬೇಡ. ಶುಕ್ರವಾರ ಅವಳನ್ನು ಮನೆಗೆ ಕಳಿಸುತ್ತಾರೆ. ಅಷ್ಟರೊಳಗೆ ಆ ಕಂಬಗಳನ್ನು ಕೀಳಿಸು. ಇಲ್ಲದಿದ್ದರೆ ನಾವೇ ಕೀಳುತ್ತೇವೆ. ಬೀದಿಯವರೆಲ್ಲ ಹಾರೆ ಹಿಡಿದು ಸಿದ್ಧರಾಗಿದ್ದಾರೆ. ಪೊಲೀಸರಿಗೆ ದೂರು ಕೊಡುವುದಾದರೆ ಕೊಡು, ಮೊದಲ ಹೆಸರು ನನ್ನದೇ ಬರೆಸು.

ನಿನ್ನ ಅಕ್ಕ