ನಗಾರಿಯವನ ಬೆಲೆ

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ತಮ್ಮ,

ಬರೆಯುವುದು ತೀರಾ ತಡವಾಯಿತು, ಬೈದುಕೊಳ್ಳಬೇಡ. ನಾವು ಚೆನ್ನಾಗಿದ್ದೇವೆ. ನಿನ್ನ ಭಾವನ ಕೆಮ್ಮು ಕಡಿಮೆಯಾಗಿದೆ, ಮಾತು ಕಡಿಮೆಯಾಗಿಲ್ಲ.

ತಡಕ್ಕೆ ಕಾರಣವಿದೆ. ನಾನು ಕೆಲಸ ಬಿಟ್ಟೆ.

ಮೇಜಿನ ಮೇಲೆ ಯುದ್ಧದಾಟ ಆಡುವವರಿಗೆ ಹೆಬ್ಬೆರಳುದ್ದದ ಸೈನಿಕರನ್ನು ಮಾಡುವುದೂ ಒಂದು ಹೊಟ್ಟೆಪಾಡು ಎಂದು ನಿನ್ನ ಮಾವನ ಮನೆಯವರನ್ನು ನಂಬಿಸಲು ನೀನು ಪಟ್ಟ ಪಾಡು ನೆನಪಿದೆಯಲ್ಲ? ಹತ್ತೊಂಬತ್ತು ವರ್ಷ ಅದೇ ಕಾರ್ಖಾನೆಯ ಅದೇ ಕಿಟಕಿಯ ಪಕ್ಕ ಕೂತು, ಭೂತಗನ್ನಡಿಯಲ್ಲಿ ನೋಡುತ್ತ ಸೂಜಿಯಿಂದ ಮೂಗು, ಕಣ್ಣು ತಿದ್ದಿದೆ. ನಾನು ತಿದ್ದಿದ ಸೈನಿಕರಲ್ಲಿ ನಗಾರಿ ಬಾರಿಸುವವನು ನಿನಗೆ ಗೊತ್ತಿರುವವನೇ. ಮುನ್ನೂರು ಗೊಂಬೆ ಮಾತ್ರ ಎರಕ ಹೊಯ್ದು ಅಚ್ಚು ಒಡೆದೆವೆಂದು ಕಾರ್ಖಾನೆಯ ಯಜಮಾನರು ಊರಿಗೆಲ್ಲ ಸಾರಿದ್ದರು. ಒಂದಕ್ಕೆ ತಗಲುವ ತವರದ ಖರ್ಚು ಒಂದು ಲೋಟ ಚಹಾದಷ್ಟು. ಈಗ ಸಂಗ್ರಹಕಾರರು ಅದಕ್ಕೆ ನನ್ನ ಎರಡು ತಿಂಗಳ ಸಂಬಳ ಸುರಿಯುತ್ತಾರೆ.

ಕಳೆದ ತಿಂಗಳು ಯಜಮಾನರು ಕರೆದು ನಲವತ್ತು ಪ್ರಮಾಣಚೀಟಿ ಮುಂದಿಟ್ಟರು. ಒಡೆದದ್ದು ಒಂದು ಅಚ್ಚು. ಇನ್ನೊಂದು ಬೀರುವಿನಲ್ಲಿ ಸುಖವಾಗಿ ಮಲಗಿತ್ತಂತೆ. ಹೊಸದಾಗಿ ಹೊಯ್ದು, ಹಳೆಯ ಮುನ್ನೂರರಲ್ಲಿ ಉಳಿದದ್ದು ಎಂದು ಅವರು ಮಾರುವುದು. ಅಸಲಿ ಎಂದು ನಾನು ಸಹಿ ಹಾಕುವುದು.

"ನೋಡಿ ಅಮ್ಮಾ," ಎಂದರು, "ತವರಕ್ಕೆ ಯಾರೂ ದುಡ್ಡು ಕೊಡಲ್ಲ. 'ಇನ್ನಿಲ್ಲ' ಅನ್ನೋ ಮಾತಿಗೆ ಕೊಡ್ತಾರೆ."

"ಆ ಮಾತೇ ಸುಳ್ಳಾದ್ರೆ?"

"ನಿಮ್ಮ ಸಹಿ ಇದ್ರೆ ಯಾರು ಕೇಳ್ತಾರೆ?"

"ಅದಕ್ಕೇ ಹಾಕಲ್ಲ."

ಸಂಬಳ ಏರಿಸುತ್ತೇನೆಂದರು. ಮೂರು ದಿನ ಬಿಟ್ಟು, "ಈ ವಯಸ್ಸಲ್ಲಿ ಇನ್ಯಾರು ಕೆಲಸ ಕೊಡ್ತಾರೆ ನಿಮಗೆ?" ಎಂದರು. ಅದನ್ನು ಕೇಳಿದ ಮೇಲೆ ನನ್ನ ಸೂಜಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದೆ. ಎರಕದ ಮನೆಯ ಅಜ್ಜ ಮಾತ್ರ ಬಾಗಿಲವರೆಗೆ ಬಂದು, "ನಂಗಿನ್ನೂ ಎರಡು ವರ್ಷ ಸರ್ವೀಸ್ ಇದೆ ತಾಯಿ, ಇಲ್ದಿದ್ರೆ ನಾನೂ ಬರ್ತಿದ್ದೆ," ಎಂದರು.

ಈಗ ದರ್ಜಿ ಅಂಗಡಿಯ ಹಿಂದಿನ ಕೋಣೆ ಹಿಡಿದಿದ್ದೇನೆ. ಹೊಸ ಸೈನಿಕರು, ನನ್ನದೇ ಅಚ್ಚು. ಎಷ್ಟು ಮಂದಿ ಕೇಳಿದರೂ ಅಷ್ಟು ಹೊಯ್ದು ಕೊಡುತ್ತೇನೆ. ಬೆಲೆ ಒಂದು ಊಟದಷ್ಟು. ರಟ್ಟಿನ ಡಬ್ಬಿ ಮಡಚುವುದು ನಿನ್ನ ಭಾವ, ಹತ್ತರಲ್ಲಿ ನಾಲ್ಕು ಸೊಟ್ಟ. ಮೊದಲ ಗಿರಾಕಿ ಒಬ್ಬಳು ನರ್ಸ್. "ನಾವು ಆಸ್ಪತ್ರೆಯವರು ನಾಲ್ಕು ವರ್ಷದಿಂದ ಸೈನಿಕರ ಬದಲು ಅಂಗಿ ಗುಂಡಿ ಇಟ್ಕೊಂಡೇ ಯುದ್ಧ ಮಾಡ್ತಿದ್ವಿ," ಎಂದು ಹನ್ನೆರಡು ಸೈನಿಕರನ್ನು ಕೊಂಡೊಯ್ದಳು. ಮರುವಾರ ಅವಳ ಜೊತೆಯ ಮೂವರು ಬಂದರು. ಇಷ್ಟರಿಂದ ಬಾಡಿಗೆ ಹುಟ್ಟುವುದಿಲ್ಲವೆಂದು ಬಲ್ಲೆ. ಆದರೂ ಬಾಗಿಲು ಹಾಕುವ ಮಾತಿಲ್ಲ.

ಪುಟ್ಟಿಗೆ ನನ್ನ ಮುತ್ತು. ನಿಮ್ಮ ಮೂವರಿಗೂ ಆಯಸ್ಸು, ನೆಮ್ಮದಿ ಎರಡೂ ತುಂಬಿರಲಿ.

ನಿನ್ನ
ಅಕ್ಕ

ತಾ.ಕ.: ಇದನ್ನು ಬರೆಯಬಾರದೆಂದೇ ಇದ್ದೆ. ಪೇಟೆಯ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ನಿನಗೆ ಕೊಟ್ಟಿದ್ದ ನಗಾರಿಯವನನ್ನು ಕಂಡೆ. ಪೀಠದಡಿ 'ತಮ್ಮನಿಗೆ' ಎಂದು ನಾನು ಕೊರೆದದ್ದು ಹಾಗೇ ಇತ್ತು. ಅಪ್ಪ ತೀರಿಕೊಂಡ ವರ್ಷ ಅವರ ಮುಖವನ್ನೇ ಅವನಿಗೆ ಇಟ್ಟಿದ್ದೆ, ನಿನಗೊಬ್ಬನಿಗೇ ಹೇಳಿದ್ದೆ. ಮಾರಿದ್ದಕ್ಕೆ ಸಿಟ್ಟಿಲ್ಲ. "ಮಾರೋಕೆ ಬಂದವ್ರು ಚೌಕಾಸಿನೂ ಮಾಡಲಿಲ್ಲ, ಕೊಟ್ಟಷ್ಟು ತಗೊಂಡು ಹೋದ್ರು," ಎಂದ ಅಂಗಡಿಯವನು. ದುಡ್ಡಿಗೆ ಅಷ್ಟು ಅವಸರ ಏನಿತ್ತು? ಇದೇ ಊರಿಗೆ ಬಂದವನು ಮನೆಗೆ ಬರದೆ ಹೋದೆಯಲ್ಲ. ಭಾನುವಾರದ ಬಸ್ಸಿಗೆ ಹೊರಟು ಬರುತ್ತಿದ್ದೇನೆ. ಮನೆಯಲ್ಲಿರು.