ಗುರುಗಳ ಕೊನೆಯ ಮೂರು ಹಲಗೆ

ಫೆಬ್ರವರಿ ೩, ಸೋಮವಾರ

ಸ್ವಸ್ತಿ! ಪೂರ್ವಸಮುದ್ರಾಧೀಶ್ವರ, ಮುಖೋ ಬಂದರಿನ ಗುಡ್ಡದ ಮೇಲಣ ಏಕಚ್ಛತ್ರಾಧಿಪತಿ, ಹಳದಿ ವ್ಯಾನಿನ ಮಹಾಸಾರಥಿ, ಹಾಲುಹಲ್ಲಿನ ಸೈನ್ಯದ ದಂಡನಾಯಕ, ಒದೆತಕೋವಿದ, ಕಪ್ಪುಬೆಲ್ಟಾಲಂಕೃತ ಶ್ರೀಮನ್ಮಹಾ ತಾಕ್ ಚಾನ್‌ಗಿ ಮಹಾಶಯರು ಇಂದು ಮಧ್ಯಾಹ್ನದ ಶುಭಮುಹೂರ್ತದಲ್ಲಿ ಟೇಕ್ವಾಂಡೋ ಶಾಲೆಯ ನೆಲ ಒರೆಸಿದರು. ಬಕೆಟ್ಟಿನ ಅಂಚಿನಲ್ಲಿ ನೀರು ಹೆಪ್ಪುಗಟ್ಟಿತ್ತು. ಲೋಕಕ್ಕೆ ಮಂಗಳವಾಗಲಿ.

ಆಮೇಲೆ ಅದೇ ಮಹಾಶಯ, ಅಂದರೆ ನಾನು, ವ್ಯಾನ್ ತೆಗೆದು ಸೈನ್ಯವನ್ನು, ಅಂದರೆ ಶಾಲೆಯ ಮಕ್ಕಳನ್ನು, ಕರೆತಂದೆ. ಎಲ್ಲರೂ ಮುಂದಿನ ಎರಡು ಸಾಲಲ್ಲೇ ಹಿಡಿಸಿದರು. ಹಿಂದಿನ ಖಾಲಿ ಸೀಟುಗಳ ಬಕಲ್ಲುಗಳು ತಿರುವಿನಲ್ಲಿ ಟಣಟಣ ಅನ್ನುತ್ತವೆ. ನಾನು ಇದೇ ವ್ಯಾನಿನಲ್ಲಿ ಬರುತ್ತಿದ್ದಾಗ ಒಬ್ಬರ ತೊಡೆಯ ಮೇಲೆ ಒಬ್ಬರು. ಕಿಟಕಿಗೆ ಮೂಗು ಒತ್ತಿಕೊಂಡೇ ಊರು ದಾಟುತ್ತಿದ್ದೆ.

ಇವತ್ತಿನ ಪಾಠ ಮುಂಗಾಲ ಒದೆತ. ರೋಉನ್ ಕಾಲೆತ್ತುತ್ತಾಳೆ, ದನಿ ಎತ್ತುವುದಿಲ್ಲ. ಕಣ್ಣಿಗಿಂತ ದೊಡ್ಡ ಕನ್ನಡಕ.

"ಕೂಗು ಹೊಟ್ಟೆಯಿಂದ ಬರ್ಬೇಕಮ್ಮ" ಅಂದೆ.

"ಹೊಟ್ಟೇಲಿ ಅನ್ನ ಇದೆ ಮೇಷ್ಟ್ರೇ."

"ಅದರ ಪಕ್ಕದಿಂದ ಬರ್ಲಿ."

ತರಗತಿ ಮುಗಿದ ಮೇಲೆ ಗುರುಗಳು ಸ್ಟೋವಿನ ಹತ್ತಿರ ಕರೆದರು. ಗ್ವಾಕ್ ದುಸಿಕ್. ಎಪ್ಪತ್ತು ದಾಟಿದ, ಕತ್ತೇ ಇಲ್ಲದ ಮನುಷ್ಯ. ಈ ಗುಡ್ಡದ ಅರ್ಧ ಜನಕ್ಕೆ ಬೆಲ್ಟು ಕಟ್ಟಿದ ಕೈ.

"ತಿಂಗಳ ಕೊನೆಗೆ ಮುಚ್ತೀನಿ ಕಣೋ."

"ಕಿಟಕೀನಾ ಗುರುಗಳೇ?"

"ಶಾಲೇನ."

ಜೋಕು ಮಾಡುವ ಹೊತ್ತಲ್ಲ ಅಂತ ನನಗೂ ಗೊತ್ತಿತ್ತು. ಬಾಯಿ ತಾನಾಗಿ ಆಡಿತು.

"ಇಪ್ಪತ್ತೆರಡಕ್ಕೆ ಹಳೇ ಹುಡುಗರನ್ನೆಲ್ಲ ಕರಿ. ಬಾಗಿಲು ತೆಗೆದ ದಿನ ಮೂರು ಹಲಗೆ ಒಟ್ಟಿಗಿಟ್ಟು ಮುಷ್ಟೀಲಿ ಒಡೆದಿದ್ದೆ. ಹಾಗೇ ಒಡೆದು ಮುಚ್ತೀನಿ. ಹಿಡಿಯೋನು ನೀನು."

"ನಾನೇ ಯಾಕೆ?"

"ನಿನ್ನ ಮುಖ ನೋಡಿದ್ರೆ ಹೊಡೆಯೋ ಮನಸ್ಸು ತಾನಾಗೇ ಬರುತ್ತೆ."

ಫೆಬ್ರವರಿ ೫

ಹಳಬರಿಗೆಲ್ಲ ಫೋನ್ ಮಾಡಿದೆ. ಒಬ್ಬ ಉಲ್ಸಾನಿನಲ್ಲಿ ಕ್ರೇನ್ ಓಡಿಸುತ್ತಾನೆ. ಒಬ್ಬಳು ನರ್ಸ್. ಎಲ್ಲರೂ ಮೊದಲು ಕೇಳಿದ್ದು ಒಂದೇ... "ಆ ವಾಸನೆ ಇನ್ನೂ ಇದೆಯಾ?"

ಇದೆ. ರಬ್ಬರ್ ಚಾಪೆ, ಸೀಮೆಎಣ್ಣೆ, ಒದ್ದೆ ಕಾಲುಚೀಲ. ಏಳು ವರ್ಷದವನಾಗಿ ಒಳಗೆ ಬಂದ ದಿನ ಮೂಗು ಮುಚ್ಚಿಕೊಂಡಿದ್ದೆ. ಗುರುಗಳು ಹಿಂದಿನಿಂದ ಬಂದು ಬೆಲ್ಟು ಕಟ್ಟಿದರು. ಆ ಕೈ ಹೊಟ್ಟೆಯ ಮುಂದೆ ಬಂದು ಗಂಟು ಬಿಗಿದಾಗ ಇಡೀ ಮೈಯನ್ನೇ ಸರಿಯಾಗಿ ಪಾರ್ಸೆಲ್ ಮಾಡಿದಂತಾಯಿತು. ಇನ್ನು ಎಲ್ಲಿ ಹೋದರೂ ಒಡೆಯುವುದಿಲ್ಲ ಅನ್ನಿಸಿತು.

ಮುಂದೆ ನಿಜವಾದ ಸೈನ್ಯಕ್ಕೆ ಸೇರಿ ಶೂ ಲೇಸು ಕಟ್ಟುವಾಗಲೂ ಆ ಕೈ ನೆನಪಾಗುತ್ತಿತ್ತು. ಯಾರಿಗೂ ಹೇಳಿಲ್ಲ. ಮಹಾಶಯರ ಘನತೆಗೆ ಕುಂದು.

ಫೆಬ್ರವರಿ ೧೨, ವರ್ಷದ ಮೊದಲ ಹುಣ್ಣಿಮೆ. ಬೆಳಿಗ್ಗೆ

ಎದ್ದ ಕೂಡಲೇ ಬೇಟೆಗೆ ಹೊರಟೆ. ಈ ದಿನ ಸೂರ್ಯ ಏರುವ ಮೊದಲು ಒಬ್ಬರನ್ನು ಹೆಸರು ಹಿಡಿದು ಕೂಗಬೇಕು. ಅವರು ಓಗೊಟ್ಟರೆ "ನನ್ನ ಸೆಕೆ ಕೊಂಡ್ಕೋ!" ಅನ್ನಬೇಕು. ಬರುವ ಬೇಸಿಗೆಯ ನನ್ನ ಪಾಲಿನ ಬೆವರೆಲ್ಲ ಅವರದ್ದು. ಗುರುಗಳನ್ನು ಹೆಸರು ಹಿಡಿದು ಕೂಗುವ ಧೈರ್ಯ ಭೂಮಂಡಲದಲ್ಲಿ ಯಾರಿಗೂ ಇಲ್ಲ, ಆದ್ದರಿಂದ ಬೇಲಿಯ ಹಿಂದೆ ಅವಿತು ಹೆಣ್ಣು ದನಿಯಲ್ಲಿ ಕೂಗಿದೆ: "ಗ್ವಾಕ್ ದುಸಿಕ್ ಅವ್ರೇ...!"

"ಹಾಂ, ಯಾರು?"

"ನನ್ನ ಸೆಕೆ ಕೊಂಡ್ಕೊಳ್ಳೀ!"

ಚಪ್ಪಲಿ ಹಾರಿ ಬಂತು. ಗುರಿ ತಪ್ಪಲಿಲ್ಲ.

ಒಳಗೆ ಓಕ್‌ಬುನ್ ಅಮ್ಮ, ಗುರುಗಳ ಹೆಂಡತಿ, ಹುಣ್ಣಿಮೆಯ ಅಕ್ರೋಟು, ಕಡಲೆಕಾಯಿ ಹರಡಿ ಕೂತಿದ್ದರು. ವರ್ಷವಿಡೀ ಮೈಗೆ ಹುಣ್ಣು ಬರದಿರಲಿ ಅಂತ ಬೆಳಿಗ್ಗೆಯೇ ಇವನ್ನು ಒಡೆದು ತಿನ್ನಬೇಕು. ಗುರುಗಳು ಪ್ರತಿವರ್ಷ ಅಕ್ರೋಟನ್ನು ಅಂಗೈಯಲ್ಲಿ ಹಿಡಿದು ಪಟ್ ಅನ್ನಿಸಿ ನಮ್ಮ ಬಾಯಿಗೆ ಹಾಕುತ್ತಿದ್ದರು.

ಇವತ್ತೂ ಒಂದು ತೆಗೆದುಕೊಂಡರು. ಮುಷ್ಟಿ ಬಿಗಿದರು. ಮುಖ ಕೆಂಪಾಯಿತು. ಅಕ್ರೋಟು ಆಗಲೇ ಬೆರಳ ಸಂದಿಯಿಂದ ಜಾರಿ ಮಡಿಲಲ್ಲಿ ಬಿದ್ದಿತ್ತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ಖಾಲಿ ಮುಷ್ಟಿಯನ್ನು ಬಿಗಿಯುತ್ತಲೇ ಇದ್ದರು.

ಓಕ್‌ಬುನ್ ಅಮ್ಮ ನನ್ನತ್ತ ನೋಡಿ ತಲೆ ಅಲ್ಲಾಡಿಸಿದರು. ಏನೂ ಅನ್ನಬೇಡ ಅಂತ.

ಆಮೇಲೆ ಬಾಗಿಲ ಹತ್ತಿರ ಪಿಸುಗುಟ್ಟಿದರು. "ಸಕ್ಕರೆ ಕಾಯಿಲೆ ಕಣೋ. ಕೈಗೆ ಸ್ಪರ್ಶವೇ ಇಲ್ಲ. ಬಿಸಿ ಪಾತ್ರೆ ಹಿಡ್ಕೊಂಡ್ರೂ ತಿಳಿಯಲ್ಲ. ಹಲಗೆ ಬೇಡ ಅಂದ್ರೆ ಮೂರು ದಿನ ಊಟ ಬಿಟ್ರು."

ಫೆಬ್ರವರಿ ೧೩

ಊರಿನವರೆಲ್ಲರ ಎದುರು, ಕೊನೆಯ ದಿನ, ಆ ಮುಷ್ಟಿ ಹಲಗೆಗೆ ಬಡಿದು ಹಲಗೆ ಮುರಿಯದೇ ಹೋದರೆ?

ಯೋಚಿಸಬಾರದು. ಯೋಚಿಸಿದೆ.

ಹಸಿ ಪೈನ್ ಹಲಗೆ ಬಗ್ಗುತ್ತದೆ, ಒಣಗಿದ್ದು ಮುರಿಯುತ್ತದೆ. ಪ್ರದರ್ಶನ ತಂಡದವರೆಲ್ಲ ಬಲ್ಲ, ಯಾರೂ ಬಾಯಿಬಿಡದ ವಿಷಯ. ಗುರುಗಳ ಲೆಕ್ಕದಲ್ಲಿ ಹಲಗೆಯನ್ನು ಮೊದಲೇ ಒಣಗಿಸಿಡುವುದು ಕಳ್ಳತನಕ್ಕಿಂತ ಕೀಳು. ಒಮ್ಮೆ ಹೀಗೆ ಮಾಡಿದ ಪಕ್ಕದೂರಿನ ಮೇಷ್ಟ್ರ ಮದುವೆಗೂ ಹೋಗಲಿಲ್ಲ.

ಸ್ಟೋರ್ ರೂಮಿನಿಂದ ಮೂರೂ ಹಲಗೆ ಕೋಟಿನೊಳಗೆ ಸೇರಿಸಿ ತಂದೆ. ನನ್ನ ಕೋಣೆಯಲ್ಲಿ ಚಳಿಗೆ ಬೆನ್ನು ಕಾಯಿಸುವ ವಿದ್ಯುತ್ ಚಾಪೆಯ ಕೆಳಗೆ ಅವು, ಮೇಲೆ ನಾನು. ಬೆನ್ನು ನೋಯುತ್ತದೆ. ತ್ಯಾಗವೀರ ಚಾನ್‌ಗಿಗೆ ಜಯವಾಗಲಿ.

ಫೆಬ್ರವರಿ ೧೬

ಹಲಗೆ ವಾಪಸ್ ಇಟ್ಟೆ. ಬೆರಳಲ್ಲಿ ತಟ್ಟಿದರೆ ಟಕ್ ಅನ್ನುತ್ತದೆ. ಸುಂದರ ಪಾಪ.

ಫೆಬ್ರವರಿ ೧೯

ಸ್ಟೋರ್ ರೂಮಿನಲ್ಲಿ ಒಣ ಸ್ಕ್ವಿಡ್ ಮೀನಿನ ವಾಸನೆ. ಮುಖೋದಲ್ಲಿ ಸ್ನಾನದ ಮನೆಯಲ್ಲೂ ಆ ವಾಸನೆಯೇ. ತಲೆಕೆಡಿಸಿಕೊಳ್ಳಲಿಲ್ಲ.

ರೋಉನ್ ಇವತ್ತು ಒದೆತದ ಜೊತೆ "ಹ್" ಅಂದಳು. ಬೆಕ್ಕು ಸೀನಿದಷ್ಟು. ಮಿಕ್ಕವರು ಚಪ್ಪಾಳೆ ತಟ್ಟಿದರು. ಇನ್ನು ಹತ್ತು ದಿನಕ್ಕೆ ಇವಳು ಎಲ್ಲಿ ಕೂಗುತ್ತಾಳೆ?

ಫೆಬ್ರವರಿ ೨೧

ಬೇ ಗುಮ್‌ಹ್ವಾ ಅಕ್ಕ ನಿನ್ನೆಯಿಂದ ಶಾಲೆ ಗುಡಿಸಲು ಬರುತ್ತಿದ್ದಾರೆ. ಬಂದರು ರಸ್ತೆಯಲ್ಲಿ ಬೇಕರಿ. ಗುರುಗಳ ಮೊದಲ ಶಿಷ್ಯೆಯರಲ್ಲಿ ಒಬ್ಬರು. ಸ್ಟೋರ್ ರೂಮನ್ನು ತಾವೇ ಗುಡಿಸಬೇಕು ಅಂತ ಹಟ. ಅಲ್ಲಿಗೆ ಹೋದರೆ ಬೆಣ್ಣೆಯ ಘಮ. ಹಸಿವು ಜಾಸ್ತಿಯಾಗಿದೆ ಅಂದುಕೊಂಡೆ. ಬನ್ ತಿಂದೆ.

ಫೆಬ್ರವರಿ ೨೨, ಶನಿವಾರ. ಸಂಜೆ

ಕ್ರಮವಾಗಿ ಬರೆಯುತ್ತೇನೆ.

ಎಲ್ಲರೂ ಬಂದರು. ಬಿಚ್ಚಿಟ್ಟ ಶೂಗಳ ಸಾಲು ಮೆಟ್ಟಿಲಿಳಿದು ಬೀದಿಗೆ ಬಂತು. ಬಾಗಿಲು ದಾಟಿದ ಪ್ರತಿಯೊಬ್ಬನೂ ಕೋಟು ಬಿಚ್ಚುವ ಮೊದಲೇ ಧ್ವಜಕ್ಕೆ ಬಗ್ಗಿದ, ಬೆನ್ನುಮೂಳೆಗೆ ನೆನಪಿದ್ದಂತೆ. ಆಮೇಲೆ ಯಾರೂ ಹೇಳದೆ ಸಾಲು ನಿಂತರು, ಬಿಟ್ಟುಹೋದ ದಿನದ ಬೆಲ್ಟಿನ ಪ್ರಕಾರ. ಪೊಲೀಸ್ ಇನ್ಸ್‌ಪೆಕ್ಟರ್ ಒಬ್ಬರು ಮುಂದೆ ಬಂದರೆ ಅವರ ತಂಗಿ ತೋಳು ಹಿಡಿದೆಳೆದಳು.

"ಹಿಂದೆ ಹೋಗೋ. ನೀನು ಹಸಿರು ಬೆಲ್ಟು."

"ಮೂವತ್ತು ವರ್ಷ ಆಯ್ತಲ್ಲೇ!"

"ಮೂವತ್ತು ವರ್ಷದಿಂದ ಹಸಿರು ಬೆಲ್ಟು."

ಗುರುಗಳು ಬಂದರು. ಅಂಚು ಸವೆದು ಬೆಳ್ಳಗಾದ ಅದೇ ಕಪ್ಪು ಬೆಲ್ಟು. ಭಾಷಣ ಇಲ್ಲ. "ಚಳಿ ಇದೆ, ಬೇಗ ಮುಗಿಸೋಣ" ಅಂದರು.

ನಾನು ಧ್ವಜದ ಗೋಡೆಗೆ ಬೆನ್ನು ಕೊಟ್ಟು, ಮೂರು ಹಲಗೆ ಜೋಡಿಸಿ ಎದೆಯ ಮುಂದೆ ಹಿಡಿದೆ. ಗುರುಗಳು ಯಾವತ್ತೂ ಧ್ವಜಕ್ಕೆ ಬೆನ್ನು ಹಾಕಿದವರಲ್ಲ. ಆದ್ದರಿಂದ ಜನಕ್ಕೆ ಕಂಡದ್ದು ಅವರ ಬೆನ್ನು ಮಾತ್ರ. ಮುಖ ಮತ್ತು ಮುಷ್ಟಿ ನನ್ನೊಬ್ಬನ ಪಾಲಿಗೆ.

ಹತ್ತಿರದಿಂದ ಆ ಕಣ್ಣು. ಹೆದರಿದ್ದರು. ಗುರುಗಳು ಹೆದರಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಉಸಿರೆಳೆದರು. ಕೂಗಿದರು. ಗಾಜು ಅದುರಿತು, ಅದು ಹಳೆಯ ಕೂಗೇ. ಪಟಾರ್!

ಮೂರೂ ಹಲಗೆ ಎರಡೆರಡು ತುಂಡು. ಜನ ಎಗರಿ ಕುಣಿದರು. ಇನ್ಸ್‌ಪೆಕ್ಟರ್ ಅತ್ತರು. ರೋಉನ್ ಕಿರುಚಿದಳು, ಕನ್ನಡಕ ಬಿತ್ತು. ಹೊಟ್ಟೆಯಿಂದಲೇ, ಅನ್ನದ ಪಕ್ಕದಿಂದ.

ಅದೇ ದಿನ, ಮುಂದುವರಿದು

ಅಡುಗೆಮನೆ. ಓಕ್‌ಬುನ್ ಅಮ್ಮ ಮೀನಿನ ಸಾರು ಬಡಿಸುತ್ತಿದ್ದರು. ಗುಮ್‌ಹ್ವಾ ಅಕ್ಕ ಮೂಲೆಯಲ್ಲಿ ಅಳುತ್ತಿದ್ದರು.

"ಪಾಪ ಕಟ್ಕೊಂಡೆ ಅಮ್ಮಾವ್ರೇ. ಗುರುಗಳ ಕೈ ವಿಷ್ಯ ನೀವು ಹೇಳಿದ್ರಲ್ಲ, ತಡೀಲಿಲ್ಲ. ಹಲಗೇನ ಓವನ್‌ನಲ್ಲಿ ಇಟ್ಟಿದ್ದೆ. ಬನ್ ತೆಗೆದ ಮೇಲೆ, ಸಣ್ಣ ಉರೀಲಿ."

ಸೌಟು ಸಾರಿನೊಳಗೆ ಮುಳುಗಿತು. "ಅಯ್ಯೋ ಹಾಳಾದೋಳೇ! ನಾನು ಸ್ಕ್ವಿಡ್ ಒಣಗಿಸೋ ಮಷೀನ್‌ನಲ್ಲಿ ಇಟ್ಟಿದ್ದೆ ಕಣೇ!"

ಇಬ್ಬರೂ ನನ್ನತ್ತ ತಿರುಗಿದರು.

"ವಿದ್ಯುತ್ ಚಾಪೆ" ಅಂದೆ.

ಆಮೇಲೆ ಓಕ್‌ಬುನ್ ಅಮ್ಮ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ ನಗತೊಡಗಿದರು. "ಅದು ಹಲಗೆ ಅಲ್ಲ ಕಣ್ರೋ, ಅನ್ನಕ್ಕೆ ಸುತ್ತೋ ಹುರಿದ ಕಡಲಪಾಚಿ ಹಾಳೆ! ಉಸಿರು ಬಿಟ್ರೆ ಮುರೀತಿತ್ತು!" ನಗು ಫಕ್ಕನೆ ನಿಂತಿತು. "ಚಾನ್‌ಗೀ... ಮುಷ್ಟಿ ಬೀಳೋಕೆ ಮುಂಚೇನೇ ಮುರೀಲಿಲ್ಲ ತಾನೇ? ನಿನ್ನ ಹಿಡಿತಕ್ಕೇ?"

ಯಾರೋ ಸಾರು ಕೇಳಿಕೊಂಡು ಒಳಗೆ ಬಂದರು. ಬಚಾವಾದೆ.

ಫೆಬ್ರವರಿ ೨೩, ಭಾನುವಾರ

ಗುರುಗಳು ವ್ಯಾನ್ ತೆಗೆ ಅಂದರು. ಮಕ್ಕಳನ್ನು ಕರೆತರುವ ದಾರಿಯಲ್ಲೇ ಹೋಗಬೇಕಂತೆ. ಮಕ್ಕಳಿಲ್ಲದೆ ಹೋದೆವು. ಪ್ರತಿ ನಿಲುಗಡೆಯಲ್ಲಿ ನಿಲ್ಲಿಸಲು ಹೇಳಿದರು. "ಇಲ್ಲಿ ಅವಳಿ ಹುಡುಗರು ಹತ್ತೋರು, ಯಾವನು ಯಾವನು ಅಂತ ಕೊನೇವರೆಗೂ ತಿಳೀಲಿಲ್ಲ." "ಇಲ್ಲಿ ನೀನು ವಾಂತಿ ಮಾಡಿದ್ದೆ."

"ಒಂದೇ ಸಲ ಗುರುಗಳೇ."

"ನನ್ನ ಟೋಪೀಲಿ."

ಲೈಟ್‌ಹೌಸಿನ ತಿರುವಿನಲ್ಲಿ ಎಂಜಿನ್ ಆಫ್ ಮಾಡಿಸಿದರು. ಸಮುದ್ರ ನೋಡುತ್ತಾ ಕೂತರು.

"ಹಲಗೆ ಒಂದು ಕಡೆ ಮೀನು ನಾರ್ತಿತ್ತು. ಇನ್ನೊಂದು ಕಡೆ ಬೆಣ್ಣೆ."

ನಾನು ಸ್ಟೀರಿಂಗ್ ಹಿಡಿದುಕೊಂಡೆ.

"ಯಾರ್ಯಾರು ಏನೇನು ಮಾಡಿದ್ರಿ ಕೇಳಲ್ಲ. ನಲವತ್ತು ವರ್ಷದ ಹಿಂದೆ ಆಗಿದ್ರೆ ಎಲ್ಲರನ್ನೂ ಗುಡ್ಡ ಹತ್ತಿಸಿ ಇಳಿಸ್ತಿದ್ದೆ. ಈಗ ಒಂದೇ ಪ್ರಶ್ನೆ." ಬಲಗೈಯನ್ನು ತೊಡೆಯ ಮೇಲಿಟ್ಟು, ಬೇರೆಯವರ ಸಾಮಾನು ನೋಡಿದ ಹಾಗೆ ನೋಡಿದರು. ಬೆರಳ ಗಂಟುಗಳ ಮೇಲೆ ಹೊಡೆತದ ಗುರುತಿಲ್ಲ. ಆದರೆ ಆ ಗಂಟುಗಳು ಗೊರಸಿನಂತೆ ಜಡ್ಡುಗಟ್ಟಿದವು, ನಾನು ಕಂಡಂದಿನಿಂದ ಕೆಂಪಾದದ್ದೇ ಇಲ್ಲ. "ನಂಗೆ ಏನೂ ಗೊತ್ತಾಗ್ಲಿಲ್ಲ ಚಾನ್‌ಗಿ. ಸದ್ದು ಕೇಳಿಸ್ತು. ಅಷ್ಟೇ. ಕೈ ಹೋಗಿ ತಗುಲ್ತೋ, ಅದಕ್ಕೂ ಮೊದಲೇ ಹಲಗೆ ಹೋಯ್ತೋ... ನೋಡಿದೋನು ನೀನೊಬ್ಬನೇ. ಮುಟ್ತಾ?"

"ಮುಟ್ಟಿತು ಗುರುಗಳೇ."

"ಎಲ್ಲಿ?"

"ನಡುವೆ. ಎರಡು ಗಂಟು. ನನ್ನ ಮೊಣಕೈವರೆಗೂ ಜುಮ್ ಅಂತು."

ತುಂಬಾ ಹೊತ್ತು ನನ್ನ ಮುಖ ನೋಡಿದರು. "ನೀನು ಸುಳ್ಳು ಹೇಳೋವಾಗ ಆಸ್ಥಾನದ ಭಟ್ಟಂಗಿ ಥರ ಉದ್ದುದ್ದ ಮಾತಾಡ್ತೀಯ. ಚಿಕ್ಕಂದಿನಿಂದ್ಲೂ ಅಷ್ಟೇ. ಈಗ ಹಾಗೆ ಮಾತಾಡ್ಲಿಲ್ಲ."

ಸೀಟ್ ಬೆಲ್ಟ್ ಎಳೆದುಕೊಂಡರು. ಬಕಲ್ ಸಿಗದೆ ತಡಕಾಡಿದರು. ನಾನು ಹಾಕಿದೆ.

"ಹಾಗಾದ್ರೆ ಸರಿ" ಅಂದರು. "ನಡಿ. ಗುಮ್‌ಹ್ವಾ ಅಂಗಡೀಲಿ ಬನ್ ತಿನ್ನೋಣ. ಹಲಗೆ ಬಿಟ್ಟು ಬೇರೆ ಏನಾದ್ರೂ ಬೇಯ್ಸಿದ್ರೆ."

ಫೆಬ್ರವರಿ ೨೮

ಬೋರ್ಡು ಇಳಿಸಿದೆವು. ಅದರ ಹಿಂದೆ ಗೋಡೆಯ ಬಣ್ಣ ಹೊಸದಾಗಿಯೇ ಇತ್ತು, ಎಳೆಯ ಹಸಿರು. ಶಾಲೆ ಒಂದು ಕಾಲಕ್ಕೆ ಹಸಿರಾಗಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ರೋಉನ್ ಮಾರ್ಚಿನಿಂದ ಗುರುಗಳ ಅಂಗಳಕ್ಕೆ ಬರುತ್ತಾಳಂತೆ. ಅವಳೇ ನಿರ್ಧರಿಸಿದ್ದು. "ಮೇಷ್ಟ್ರೂ ಬರ್ಬೇಕು, ಒದೆಸ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ."

ಗುರುಗಳು ನಿನ್ನೆ ಸಾರ್ವಜನಿಕ ಸ್ನಾನದ ಮನೆಯ ಬಿಸಿ ತೊಟ್ಟಿಯಲ್ಲಿ ಗದ್ದದವರೆಗೆ ಮುಳುಗಿ ಮೀನುಗಾರರಿಗೆಲ್ಲ ಕಥೆ ಹೇಳಿದರು. ಎರಡು ಗಂಟು, ನಟ್ಟನಡುವೆ, ಹಿಡಿದ ಹುಡುಗನಿಗೆ ಮೊಣಕೈವರೆಗೂ ಜುಮ್. ನಾನು ಪಕ್ಕದ ತೊಟ್ಟಿಯಲ್ಲಿ ತಲೆಯಾಡಿಸಿದೆ. ಅವರು ಇಷ್ಟು ಹಗುರವಾಗಿ ಕೂತದ್ದನ್ನು ಎಷ್ಟೋ ಕಾಲದಿಂದ ನೋಡಿರಲಿಲ್ಲ.

ಒಂದು ಮಾತು. ಹಲಗೆ ಹಿಡಿದವರು ಕಣ್ಣು ಮುಚ್ಚಬಾರದು ಅಂತ ಮಕ್ಕಳಿಗೆ ಹೇಳಿಕೊಡುವವನು ನಾನು. ಗುರುಗಳ ಭುಜ ತಿರುಗಿದ್ದು ಕಂಡಿತು. ಮುಷ್ಟಿ ಸೊಂಟ ಬಿಟ್ಟದ್ದು ಕಂಡಿತು. ನನ್ನ ಮೂಗಿನ ನೇರಕ್ಕೇ ಬರುತ್ತಿತ್ತು. ಆಮೇಲೆ... ಗಟ್ಟಿಯಾಗಿ ಮುಚ್ಚಿದ್ದೆ, ಎರಡೂ ಕಣ್ಣು. ಬಿಟ್ಟು ನೋಡಿದಾಗ ಕೈಯಲ್ಲಿ ತುಂಡುಗಳು. ಮುಷ್ಟಿ ಮುಟ್ಟಿತಾ ಅಂದರೆ, ನಾನೂ ನೋಡಲಿಲ್ಲ.