ನಾನು ಇಳಿಯದ ಇಳಿಜಾರು

ಅಕ್ಕಾ,

ನಿನಗೆ ನಿದ್ದೆ ಹತ್ತಿದೆ, ಎಬ್ಬಿಸಲು ಮನಸ್ಸಾಗಲಿಲ್ಲ. ಹಾಲು ಕಾಯಿಸಿಟ್ಟಿದ್ದೇನೆ. ಏನಾದರೂ ತಿಂದ ಮೇಲೆಯೇ ಮಾತ್ರೆ ನುಂಗು. ಪ್ಲಾಸ್ಟರ್ ಹಾಕಿದ ಕೈ ಇಟ್ಟುಕೊಂಡು ನಿನ್ನೆಯ ಹಾಗೆ ಪಾತ್ರೆ ತೊಳೆಯಲು ಹೋಗಬೇಡ.

ನೀನು ಬಿದ್ದ ಇಳಿಜಾರಿಗೆ ನಾನು ಸೈಕಲ್ ತೆಗೆದುಕೊಂಡು ಹೊರಟಿದ್ದೇನೆ. ಭಾನುವಾರ ಸೈಕಲ್ ಕ್ಲಬ್ಬಿನವರೆಲ್ಲ ನಾನು ಬರೆದುಕೊಟ್ಟ ದಾರಿಯಲ್ಲೇ ಹೋಗುವವರು. ಅಷ್ಟರಲ್ಲಿ ಅದನ್ನು ತಿದ್ದಬೇಕು. 'ಕಾಡು ದಾಟಿದ ಮೇಲೆ ಹೊಲಗಳ ನಡುವೆ ಹಿತವಾದ ಇಳುಕಲು, ಆರಾಮಾಗಿ ಬಿಡಬಹುದು' ಎಂದು ಬರೆದಿದ್ದೆನಲ್ಲ, ಆ ದಾರಿಯನ್ನು ನಾನು ಒಮ್ಮೆಯೂ ಇಳಿದಿರಲಿಲ್ಲ. ಎರಡು ಸಲ ಹತ್ತಿದ್ದೆ, ಅಷ್ಟೆ. ಏದುಸಿರು ಬಿಡುತ್ತ ಹತ್ತುವವನಿಗೆ ನೀನು ಬಿದ್ದ ಆ ತಿರುವು ತಿರುವೇ ಅನ್ನಿಸುವುದಿಲ್ಲ. ಎರಡೂ ಕಡೆ ಬೇಲಿ ಆಳೆತ್ತರ ಬೆಳೆದಿದೆ, ಮೇಲಿನಿಂದ ಬರುವವರಿಗೆ ಎದುರು ಬರುವ ಟ್ರ್ಯಾಕ್ಟರ್ ಕಾಣುವುದು ಹತ್ತಿರ ಬಂದ ಮೇಲೆಯೇ.

ಆಸ್ಪತ್ರೆಯಲ್ಲಿ ಅಮ್ಮ "ಹೇಗಾಯ್ತೋ ಇದು?" ಎಂದಾಗ ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ನಿಧಾನ ಅಂತ ಬರೆದುಕೊಟ್ಟಿದ್ದೆ ಅಮ್ಮ, ಇವಳು ನೋಡಲೇ ಇಲ್ಲ." ನಾನು ಬರೆದ ಹಾಳೆ ನಿನ್ನ ಜೇಬಿನಲ್ಲೇ ಇತ್ತು. ನೀನು ತೆಗೆದು ತೋರಿಸಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದೆ. ಅಂದಿನಿಂದ ಅಮ್ಮ ನಿನ್ನನ್ನು ಬೈಯುವುದನ್ನು ಕೇಳಿಸಿಕೊಂಡೇ ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದೇನೆ.

ಅಮ್ಮನಿಗೂ ಒಂದು ಚೀಟಿ ಬರೆದೆ, ಹರಿದುಹಾಕಿದೆ. ಅದು ಬರೆದಿಟ್ಟು ಓಡಿಹೋಗುವ ಮಾತಲ್ಲ. ಸಂಜೆ ಬಂದು ನಿನ್ನೆದುರಿಗೇ ಹೇಳುತ್ತೇನೆ. ಆಗ ಯಾವತ್ತಿನ ಹಾಗೆ "ಹೋಗ್ಲಿ ಬಿಡಮ್ಮ" ಅಂತ ನನ್ನನ್ನು ಉಳಿಸಬೇಡ.

ತಮ್ಮ